ಜರ್ಮನಿಗೆ ಹೊರಟಿದ್ದೇನೆ: ಅಲ್ಲಿ ಸಿಮ್ ಪಡೆಯುವುದು ಹೇಗೆ, ಇಲ್ಲಿನ ನಂಬರನ್ನು ಏನು ಮಾಡಬೇಕು?

ಮುಳಬಾಗಿಲಿನ ನರ್ಸ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನವಳು. ಐದು ವರ್ಷಗಳಿಂದ ಕೋಲಾರದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆಯಲ್ಲಿ ಪಾಸಾದ ಮೇಲೆ ಆ ದೇಶದ ನೈರುತ್ಯ ಮೂಲೆಯಲ್ಲಿರುವ ಫ್ರೈಬುರ್ಗ್ ನಗರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ವೀಸಾ ಕೂಡ ಕೈಸೇರಿದೆ. ಇನ್ನು ಆರು ವಾರಕ್ಕೆ ಪ್ರಯಾಣ. ಮೊದಲ ಆರು ತಿಂಗಳು ಆಸ್ಪತ್ರೆಯವರೇ ಸಿಬ್ಬಂದಿ ವಸತಿಗೃಹದಲ್ಲಿ ಕೊಠಡಿ ಕೊಡುತ್ತಾರೆ.

ಫೋನಿನ ವಿಚಾರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನನಗಿಂತ ಮೊದಲು ಹೋದ ಗೆಳತಿ, ಇಳಿದ ಕೂಡಲೇ ಎರಡು ವರ್ಷದ ಕರಾರು ಮಾಡಿಕೊಂಡರೆ ಹೊಸ ಫೋನೂ ಸಿಗುತ್ತದೆ ಎನ್ನುತ್ತಾಳೆ. ನಮ್ಮನ್ನು ಕಳುಹಿಸುತ್ತಿರುವ ಏಜೆನ್ಸಿಯವರು ಪ್ರೀಪೇಯ್ಡ್ ಸಾಕು ಎನ್ನುತ್ತಾರೆ, ಆದರೆ ಅದನ್ನು ಎಲ್ಲಿ ಕೊಳ್ಳಬೇಕು, ಏನೇನು ದಾಖಲೆ ಬೇಕು ಎಂದು ಹೇಳುವುದಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವುದರಿಂದ ತೊಂದರೆಯಾಗಬಹುದೇ ಎಂಬ ಅನುಮಾನವೂ ಇದೆ.

ಇದಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಇಲ್ಲಿನ ನಂಬರಿನ ಬಗ್ಗೆ. ಅಪ್ಪ ಅಮ್ಮ ಇಬ್ಬರಿಗೂ ಸ್ಮಾರ್ಟ್‌ಫೋನ್ ಅಭ್ಯಾಸವಿಲ್ಲದ ಕಾರಣ ಮನೆಯ ವ್ಯವಹಾರವೆಲ್ಲ ನನ್ನ ನಂಬರಿಗೇ ಸೇರಿಕೊಂಡಿದೆ. ಅಪ್ಪನ ಬ್ಯಾಂಕ್ ಖಾತೆಗೆ ಡೇರಿಯ ಬಟವಾಡೆ ಬಂದರೂ, ಟೊಮೆಟೊ ಮಂಡಿಯಿಂದ ಹಣ ಬಂದರೂ, ಅಮ್ಮನಿಗೆ ಗೃಹಲಕ್ಷ್ಮಿ ಹಣ ಜಮೆಯಾದರೂ ಸಂದೇಶ ಬರುವುದು ನನ್ನ ಫೋನಿಗೆ. ಇಬ್ಬರ ಆಧಾರ್, ಗ್ಯಾಸ್ ಸಂಪರ್ಕ, ತಮ್ಮನ ಕಾಲೇಜಿನ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇದೇ ನಂಬರಿನಲ್ಲಿವೆ. ನಾನು ಹೋದ ಮೇಲೆ ಈ ನಂಬರ್ ನಿಂತುಹೋದರೆ ಮನೆಯವರ ಗತಿಯೇನು ಎಂದು ಯೋಚಿಸಿ ನಿದ್ದೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಶಿರಾದವನು, ಈಗ ಜರ್ಮನಿಯಲ್ಲಿ:

ನಮಸ್ಕಾರ ಸಹೋದರಿ, ಕೆಲಸ ಸಿಕ್ಕಿದ್ದಕ್ಕೆ ಅಭಿನಂದನೆಗಳು. ನಾನು ತುಮಕೂರು ಜಿಲ್ಲೆಯ ಶಿರಾದವನು. 2019ರಲ್ಲಿ ಇಲ್ಲಿಗೆ ಬಂದೆ. ಅಲ್ಲಿಂದೀಚೆಗೆ ನಮ್ಮ ಕಡೆಯಿಂದ ಬಂದ ಹತ್ತಾರು ಜನರಿಗೆ ಮೊದಲ ಸಿಮ್ ಕೊಡಿಸಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಮೊದಲಿಗೆ, ಎರಡು ವರ್ಷದ ಕರಾರನ್ನು ಬಂದ ಕೂಡಲೇ ಮಾಡಿಕೊಳ್ಳಬೇಡಿ. ಮಾಡಿಕೊಳ್ಳಲು ಹೋದರೂ ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ಇಲ್ಲಿ ಷುಫಾ ಎಂಬ ಸಂಸ್ಥೆ ಪ್ರತಿಯೊಬ್ಬರ ಸಾಲ ಮತ್ತು ಪಾವತಿಯ ಲೆಕ್ಕವನ್ನು ಇಡುತ್ತದೆ. ನಮ್ಮಲ್ಲಿ ಸಾಲ ಕೊಡುವ ಮೊದಲು ಸಿಬಿಲ್ ಅಂಕ ನೋಡುವಂತೆ, ಇಲ್ಲಿ ಫೋನಿನ ಕರಾರಿಗೂ ಷುಫಾ ನೋಡುತ್ತಾರೆ. ಹೊಸದಾಗಿ ಬಂದವರ ಹೆಸರಿನಲ್ಲಿ ಅಲ್ಲಿ ಏನೂ ಇರುವುದಿಲ್ಲವಾದ್ದರಿಂದ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು. ಜೊತೆಗೆ ತಿಂಗಳ ಹಣವನ್ನು ಖಾತೆಯಿಂದ ನೇರವಾಗಿ ಕಡಿತ ಮಾಡಿಕೊಳ್ಳುವುದರಿಂದ ಐಬ್ಯಾನ್ ಸಂಖ್ಯೆ (ಇಲ್ಲಿ ಬಳಸುವ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ) ಇರುವ ಬ್ಯಾಂಕ್ ಖಾತೆಯೂ ಬೇಕು. ‘ಉಚಿತ’ ಫೋನ್ ಎಂದು ಕೊಡುವುದರ ಬೆಲೆ ತಿಂಗಳ ಕಂತಿನಲ್ಲಿ ಸೇರಿಯೇ ಇರುತ್ತದೆ. ಒಂದು ವರ್ಷ ಕಳೆದ ಮೇಲೆ ಕರಾರು ಬೇಕೆನಿಸಿದರೆ ಆಗ ಯೋಚಿಸಿ. 2021ರ ಡಿಸೆಂಬರಿನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮೊದಲ ಅವಧಿ ಮುಗಿದ ನಂತರ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆ ಕಾನೂನು ಬರುವ ಮೊದಲು, ರದ್ದುಪಡಿಸುವ ಪತ್ರವನ್ನು ಸಕಾಲದಲ್ಲಿ ಕಳುಹಿಸದವರಿಗೆ ಮತ್ತೊಂದು ವರ್ಷ ತಾನಾಗಿಯೇ ಕಟ್ಟುಬೀಳುತ್ತಿತ್ತು.

ಪ್ರೀಪೇಯ್ಡ್ ಸಿಮ್ ಇಲ್ಲಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಆಲ್ಡಿ, ಲಿಡ್ಲ್‌ನಂಥ ಸೂಪರ್‌ಮಾರ್ಕೆಟ್‌ಗಳು ತಮ್ಮದೇ ಹೆಸರಿನಲ್ಲಿ ಸಿಮ್ ಮಾರುತ್ತವೆ. ಆಲ್ಡಿಯದು ಓ2 ಜಾಲದ ಮೇಲೆ, ಲಿಡ್ಲ್‌ನದು ವೊಡಾಫೋನ್ ಜಾಲದ ಮೇಲೆ ನಡೆಯುತ್ತದೆ. ನಮ್ಮಲ್ಲಿರುವಂತೆಯೇ ನಾಲ್ಕು ವಾರದ ಪ್ಯಾಕ್‌ಗಳು. 10 ಯೂರೊ ಆಸುಪಾಸಿನಲ್ಲಿ ಒಬ್ಬರಿಗೆ ಸಾಕಾಗುವಷ್ಟು ಡೇಟಾ ಸಿಗುತ್ತದೆ. ಆದರೆ ನೀವು ಶನಿವಾರ ರಾತ್ರಿ ಅಥವಾ ಭಾನುವಾರ ಇಳಿಯುವುದಾದರೆ ನೆನಪಿಡಿ, ವಿಮಾನ ನಿಲ್ದಾಣ ಮತ್ತು ದೊಡ್ಡ ರೈಲು ನಿಲ್ದಾಣಗಳನ್ನು ಬಿಟ್ಟರೆ ಭಾನುವಾರ ಇಲ್ಲಿ ಅಂಗಡಿಗಳು ತೆರೆಯುವುದಿಲ್ಲ. ಆ ಎರಡು ದಿನಕ್ಕೆ ನಿಮ್ಮ ಭಾರತದ ನಂಬರಿಗೆ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಬರುವುದು ಕ್ಷೇಮ. ವಸತಿಗೃಹದ ವಿಳಾಸ, ಬೀಗದ ಕೈ ಕೊಡುವವರ ಫೋನ್ ನಂಬರ್, ಫ್ರೈಬುರ್ಗ್‌ವರೆಗಿನ ರೈಲಿನ ಟಿಕೆಟ್ ಇವುಗಳನ್ನು ಕಾಗದದ ಮೇಲೆ ಮುದ್ರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹೊಸಬರಿಗೆ ಫೋನ್ ಬೇಕಾಗುವುದೇ ಈ ಮೂರಕ್ಕೆ, ಕೈಕೊಡುವುದೂ ಅದೇ ಹೊತ್ತಿನಲ್ಲಿ.

ಸಿಮ್ ಕೊಂಡರೆ ಕೆಲಸ ಅರ್ಧ ಮಾತ್ರ ಆಯಿತು. 2017ರ ಜುಲೈ 1ರಿಂದ ಗುರುತಿನ ತಪಾಸಣೆ ಆಗದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ ಯಾವುದೂ ಇಲ್ಲಿ ನಡೆಯುವುದಿಲ್ಲ. ನಿಮ್ಮ ಗುರುತು ಎಂದರೆ ಪಾಸ್‌ಪೋರ್ಟ್. ತಪಾಸಣೆಗೆ ಎರಡು ದಾರಿಗಳಿವೆ: ಒಂದು ವಿಡಿಯೊ ಕರೆ, ಇನ್ನೊಂದು ಅಂಚೆ ಕಚೇರಿ. ನಾನು ಬಂದ ಹೊಸದರಲ್ಲಿ ವಿಡಿಯೊ ಸುಲಭವೆಂದು ಅದನ್ನೇ ಹಿಡಿದೆ. ಆ ಕಡೆ ಕುಳಿತಿದ್ದವರು ಪಾಸ್‌ಪೋರ್ಟನ್ನು ಕ್ಯಾಮರಾ ಮುಂದೆ ಹಿಡಿಯಿರಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಫೋಟೊ ಮೇಲಿನ ಹೊಳಪಿನ ಮುದ್ರೆ ಕಾಣುತ್ತಿಲ್ಲ ಎಂದು ಹೇಳುತ್ತಾ ಹೋದರು. ಕಿಟಕಿ ಹತ್ತಿರ ಹೋದರೆ ಬೆಳಕು ಹೆಚ್ಚಾಯಿತು, ಒಳಗೆ ಬಂದರೆ ಕಡಿಮೆಯಾಯಿತು. ಮೂರು ದಿನ, ಮೂರು ಕರೆ, ಮೂರು ಸಲವೂ ತಿರಸ್ಕಾರ. ಕೆಲವು ಕಂಪನಿಗಳ ವಿಡಿಯೊ ತಪಾಸಣೆ ಭಾರತದ ಪಾಸ್‌ಪೋರ್ಟನ್ನು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ನಾಲ್ಕನೆಯ ದಿನ ಕಂಪನಿಯ ಜಾಲತಾಣದಿಂದ ಚೀಟಿಯೊಂದನ್ನು ಮುದ್ರಿಸಿಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ನೋಡಿ, ವಿವರಗಳನ್ನು ಟೈಪ್ ಮಾಡಿ, ಸಹಿ ಹಾಕಿಸಿಕೊಂಡರು. ಹತ್ತು ನಿಮಿಷವೂ ಆಗಲಿಲ್ಲ. ಹಾಗಾಗಿ ನೀವು ನೇರವಾಗಿ ಅಂಚೆ ಕಚೇರಿಯ ದಾರಿಯನ್ನೇ ಹಿಡಿಯಿರಿ.

ಉಪನಾಮದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಹೆಸರಿನ ಹಿಂದೆ ಊರಿನದೋ ತಂದೆಯದೋ ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಪದ್ಧತಿ ಇಲ್ಲಿನ ಯಾವ ಅರ್ಜಿಗೂ ಹೊಂದುವುದಿಲ್ಲ. ಎಲ್ಲ ಅರ್ಜಿಗಳಲ್ಲೂ ಸ್ವಂತ ಹೆಸರು ಮತ್ತು ಮನೆತನದ ಹೆಸರು ಎಂದು ಎರಡು ಖಾನೆಗಳಿರುತ್ತವೆ, ಒಂದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಸಾಧ್ಯವಿದ್ದರೆ ಹೊರಡುವ ಮೊದಲೇ ಏಜೆನ್ಸಿಯ ಮೂಲಕ ಕೇಳಿ, ಕೆಲಸದ ಒಪ್ಪಂದದಲ್ಲಿ ನಿಮ್ಮ ಹೆಸರನ್ನು ಹೇಗೆ ಬರೆದಿದ್ದಾರೆ ಎಂದು ತಿಳಿದುಕೊಳ್ಳಿ. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕಾಗುತ್ತದೆ. ಆ ದಾಖಲೆಯಲ್ಲಿ ಹೆಸರು ಹೇಗೆ ಬರುತ್ತದೋ ಹಾಗೆಯೇ ಬ್ಯಾಂಕ್, ವಿಮೆ, ಫೋನ್ ಎಲ್ಲ ಕಡೆಯೂ ಬರೆಯಿರಿ. ಒಂದು ಕಡೆ ಒಂದು ತರಹ, ಇನ್ನೊಂದು ಕಡೆ ಇನ್ನೊಂದು ತರಹ ಆದರೆ ಮುಂದೆ ಸರಿಪಡಿಸಲು ಬಹಳ ಓಡಾಡಬೇಕಾಗುತ್ತದೆ. ವಸತಿಗೃಹದ ಅಂಚೆಪೆಟ್ಟಿಗೆಯ ಮೇಲೆಯೂ ಅದೇ ಹೆಸರಿನ ಚೀಟಿ ಅಂಟಿಸಿ. ಇಲ್ಲಿ ಅಂಚೆಯವರು ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದವನ್ನು ವಾಪಸು ಕಳುಹಿಸುತ್ತಾರೆ. ಅಕ್ಕಪಕ್ಕದವರನ್ನು ವಿಚಾರಿಸಿ ತಲುಪಿಸುವ ನಮ್ಮೂರಿನ ಅಂಚೆಯಣ್ಣನ ರೂಢಿ ಇಲ್ಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಸಿಮ್, ಬ್ಯಾಂಕ್ ಕಾರ್ಡ್, ಅದರ ಗುಪ್ತಸಂಖ್ಯೆ ಎಲ್ಲವೂ ಬರುವುದು ಆ ಪೆಟ್ಟಿಗೆಗೇ.

ಸಿಮ್ ಬಂದ ಕವರನ್ನು ಎಸೆಯಬೇಡಿ. ನಮ್ಮಲ್ಲಿ ಸಿಮ್‌ಗೆ ಪಿನ್ ಹಾಕುವ ಅಭ್ಯಾಸವಿಲ್ಲ, ಇಲ್ಲಿ ಸಾಮಾನ್ಯವಾಗಿ ಹಾಕಿಯೇ ಕೊಡುತ್ತಾರೆ. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ನಾಲ್ಕಂಕಿಯ ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಕವರಿನಲ್ಲಿ ಅಚ್ಚಾಗಿರುವ ಎಂಟಂಕಿಯ ಪಿಯುಕೆ ಸಂಖ್ಯೆ ಬೇಕು, ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ರಾತ್ರಿ ಪಾಳಿ ಮುಗಿಸಿ ಬರುವ ದಾರಿಯಲ್ಲಿ ಚಾರ್ಜ್ ಹೋಗಿ ಫೋನ್ ಮತ್ತೆ ಆನ್ ಮಾಡಿದಾಗ ಪಿನ್ ನೆನಪಿಲ್ಲದಿದ್ದರೆ ಕಷ್ಟ. ತುರ್ತು ಸಂಖ್ಯೆ 112ರ ವಿಷಯವನ್ನೂ ಇದರ ಜೊತೆಗೇ ಹೇಳುತ್ತೇನೆ, 2009ರಿಂದ ಇಲ್ಲಿ ಸಿಮ್ ಇಲ್ಲದ ಫೋನಿನಿಂದ ತುರ್ತು ಕರೆ ಹೋಗುವುದಿಲ್ಲ.

ಫೋನನ್ನು ಅಲ್ಲಿಂದಲೇ ತನ್ನಿ, ಆದರೆ ಅದರ ವಿವರಪಟ್ಟಿಯಲ್ಲಿ ಎಲ್‌ಟಿಇ (ಅಂದರೆ 4ಜಿ) 20ನೇ ಬ್ಯಾಂಡ್ ಇದೆಯೇ ಎಂದು ನೋಡಿ. 800 ಮೆಗಾಹರ್ಟ್ಸ್‌ನ ಈ ಬ್ಯಾಂಡ್ ಭಾರತದಲ್ಲಿ ಬಳಕೆಯಲ್ಲಿಲ್ಲದ ಕಾರಣ ನಮ್ಮ ಮಾರುಕಟ್ಟೆಗೆ ಬರುವ ಅನೇಕ ಫೋನುಗಳಲ್ಲಿ ಅದು ಇರುವುದಿಲ್ಲ. ಇಲ್ಲಿ ಊರ ಹೊರಗೆ ಮತ್ತು ದಪ್ಪ ಗೋಡೆಯ ಕಟ್ಟಡಗಳ ಒಳಗೆ ಸಿಗ್ನಲ್ ತಲುಪಿಸುವುದೇ ಅದು. ಫ್ರೈಬುರ್ಗ್‌ನ ಒಂದು ಮಗ್ಗುಲಿಗೆ ಕಪ್ಪು ಅರಣ್ಯದ ಬೆಟ್ಟಗಳು ಅಂಟಿಕೊಂಡಿವೆ. ರಜೆಯ ದಿನ ಕಣಿವೆಯೊಳಗೆ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. 3ಜಿ ಜಾಲವನ್ನು 2021ರಲ್ಲೇ ಮುಚ್ಚಿರುವುದರಿಂದ 4ಜಿ ಜಾಲದ ಮೇಲೆಯೇ ಕರೆ ಮಾಡುವ ವೋಲ್ಟಿ ಸೌಲಭ್ಯ ಕೂಡ ಇರಬೇಕು.

ಇನ್ನೊಂದು ಮಾತು. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್‌ಗೆ ಪ್ರತ್ಯೇಕ ಹಣವಿಲ್ಲ, ಹಾಗಾಗಿ ಪಕ್ಕದ ಫ್ರಾನ್ಸಿಗೆ ಹೋದರೆ ಚಿಂತೆಯಿಲ್ಲ. ಆದರೆ ಮುಕ್ಕಾಲು ಗಂಟೆಯ ರೈಲಿನ ದೂರದಲ್ಲಿರುವ ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶ ಒಕ್ಕೂಟಕ್ಕೆ ಸೇರಿಲ್ಲ. ನಿಮ್ಮ ಪ್ಯಾಕ್‌ನಲ್ಲಿ ಸ್ವಿಟ್ಜರ್ಲೆಂಡ್ ಸೇರಿದೆಯೇ ಎಂದು ಓದಿ ನೋಡಿದ ಮೇಲೆಯೇ ಅಲ್ಲಿ ಡೇಟಾ ಆನ್ ಇಡಿ.

ಭಾರತದ ಸಿಮ್ಮನ್ನು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಆಗಿ ಬದಲಿಸಿಕೊಂಡು ಬನ್ನಿ ಎಂಬುದು ನನ್ನ ಸಲಹೆ. ಇಲ್ಲಿನ ಸಿಮ್‌ಗೆ ಜಾಗ ಖಾಲಿಯಾಗುತ್ತದೆ.

ಚಿಂತಾಮಣಿಯ ಮೊಬೈಲ್ ಅಂಗಡಿಯವನು:

ಶಿರಾದ ಅಣ್ಣನವರು ಆ ಕಡೆಯ ವಿಷಯವನ್ನು ಚೆನ್ನಾಗಿ ಬರೆದಿದ್ದಾರೆ. ಈ ಕಡೆಯದನ್ನು ನಾನು ಹೇಳುತ್ತೇನೆ, ಏಕೆಂದರೆ ಹದಿನಾಲ್ಕು ವರ್ಷದಿಂದ ಚಿಂತಾಮಣಿಯಲ್ಲಿ ಅಂಗಡಿ ಇಟ್ಟುಕೊಂಡು, ವಿದೇಶಕ್ಕೆ ಹೋದವರ ತಂದೆತಾಯಿಯರು ಸಿಮ್ ನಿಂತುಹೋಗಿದೆ ಎಂದು ಬಂದು ನಿಲ್ಲುವುದನ್ನು ಬಹಳ ಸಲ ನೋಡಿದ್ದೇನೆ.

ಇ-ಸಿಮ್ ವಿಚಾರದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅಲ್ಲಿ ಫೋನ್ ಕೆಳಗೆ ಬಿದ್ದು ಒಡೆದರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಆಯಿತು. ಇ-ಸಿಮ್ ಆದರೆ ಅದನ್ನು ಹೊಸ ಫೋನಿಗೆ ಸಾಗಿಸಲು ಮತ್ತೆ ಕಂಪನಿಯ ಅನುಮತಿ, ಒಟಿಪಿ ಎಲ್ಲ ಬೇಕಾಗುತ್ತದೆ, ಆ ಒಟಿಪಿ ಬರಬೇಕಾದದ್ದು ಅದೇ ನಂಬರಿಗೆ. ಆದ್ದರಿಂದ ಬ್ಯಾಂಕಿಗೆ ಸೇರಿದ ನಂಬರನ್ನು ಪ್ಲಾಸ್ಟಿಕ್ ಸಿಮ್‌ನಲ್ಲಿಯೇ ಇಟ್ಟುಕೊಳ್ಳಿ. ನಿಮ್ಮ ಫೋನಿನಲ್ಲಿ ಎರಡು ಸಿಮ್ ಜಾಗವಿದ್ದರೆ ಬದಲಾಯಿಸುವ ಅಗತ್ಯವೇ ಇಲ್ಲ. ಸಿಮ್ ಹಳೆಯದಾಗಿ ಸವೆದಿದ್ದರೆ ಈಗಲೇ ಹೊಸದು ಮಾಡಿಸಿ, ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ವಂಚನೆ ತಡೆಯಲು ಹಾಗೆ ನಿಯಮ ಮಾಡಿದ್ದಾರೆ.

ನಿಮ್ಮದು ಪೋಸ್ಟ್‌ಪೇಯ್ಡ್ ಆಗಿದ್ದರೆ ಪ್ರೀಪೇಯ್ಡ್‌ಗೆ ಬದಲಿಸಿ. ಪ್ರೀಪೇಯ್ಡ್ ನಂಬರನ್ನು 90 ದಿನ ಯಾವುದಕ್ಕೂ ಬಳಸದೆ, ಬ್ಯಾಲೆನ್ಸ್ ಕೂಡ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ಆ ನಂಬರನ್ನು ಹಿಂದಕ್ಕೆ ಪಡೆಯಬಹುದು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮ. ವ್ಯಾಲಿಡಿಟಿ ಮುಗಿದರೆ ಅದಕ್ಕೂ ಮುಂಚೆಯೇ ಒಟಿಪಿ ಬರುವುದು ನಿಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದುಪಡಿ ಮಾಡಿ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ಯಾಕ್ ಕೊಡಬೇಕೆಂದೂ, ಅಂಥ ಪ್ಯಾಕ್‌ಗಳ ಅವಧಿ 365 ದಿನದವರೆಗೆ ಇರಬಹುದೆಂದೂ ಮಾಡಿತು. ನಿಮಗೆ ಬೇಕಾದದ್ದು ಸರಿಯಾಗಿ ಅದೇ. ಅಂಗಡಿಯಲ್ಲಿ ಕೇಳುವಾಗ ‘ಡೇಟಾ ಬೇಡ, ವರ್ಷದ ಪ್ಯಾಕ್ ಹಾಕಿ’ ಎಂದು ಸ್ಪಷ್ಟವಾಗಿ ಕೇಳಿ.

ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಇಲ್ಲಿರುವಾಗಲೇ ಚಾಲೂ ಮಾಡಿಸಿಕೊಳ್ಳಿ. ಅದು ಚಾಲೂ ಆಗಿರದಿದ್ದರೆ ಅಲ್ಲಿ ಇಳಿದ ಮೇಲೆ ಸಿಗ್ನಲ್ಲೇ ಹಿಡಿಯದೆ ಒಟಿಪಿ ಬರುವುದಿಲ್ಲ. ಅಲ್ಲಿ ಭಾರತದ ಸಿಮ್‌ನ ಡೇಟಾ ರೋಮಿಂಗ್ ಆಫ್ ಇಡಿ, ಅದಕ್ಕೆ ಬರುವ ಕರೆಯನ್ನು ಎತ್ತಬೇಡಿ, ಏಕೆಂದರೆ ರೋಮಿಂಗ್‌ನಲ್ಲಿ ಒಳಬರುವ ಕರೆಗೂ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ಮನೆಯವರಿಗೂ ಈ ಮಾತನ್ನು ತಿಳಿಸಿ ಹೋಗಿ.

ಇನ್ನು ಮನೆಯ ವಿಷಯ. ನಿಮ್ಮ ನಂಬರ್ ಉಳಿದರೂ ಮನೆಯ ಕೆಲಸ ನಡೆಯುವುದಿಲ್ಲ ಎಂಬುದನ್ನು ಯೋಚಿಸಿ. ಗ್ಯಾಸ್ ತಂದ ಹುಡುಗ ಸಿಲಿಂಡರ್ ಇಳಿಸಿ, ಕೋಡ್ ಹೇಳಿ ಎಂದು ನಿಮ್ಮ ಅಮ್ಮನ ಮುಂದೆ ನಿಲ್ಲುತ್ತಾನೆ. ಕೋಡ್ ಬಂದಿರುವುದು ಜರ್ಮನಿಯಲ್ಲಿರುವ ನಿಮ್ಮ ಫೋನಿಗೆ. ಇಲ್ಲಿ ಬೆಳಗ್ಗೆ ಒಂಬತ್ತಾದರೆ ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆ. ನೀವು ನಿದ್ದೆಯಲ್ಲಿರುತ್ತೀರಿ, ಇಲ್ಲವೇ ರಾತ್ರಿ ಪಾಳಿಯಲ್ಲಿ ರೋಗಿಯ ಪಕ್ಕದಲ್ಲಿರುತ್ತೀರಿ. ಆ ಹುಡುಗ ಸಿಲಿಂಡರನ್ನು ಮತ್ತೆ ಗಾಡಿಗೆ ಹಾಕಿಕೊಂಡು ಹೋಗುತ್ತಾನೆ, ಅವನದೂ ತಪ್ಪಲ್ಲ. ಆದ್ದರಿಂದ ಈ ಆರು ವಾರದಲ್ಲಿ ಅಪ್ಪ ಅಮ್ಮನಿಗೆ ಸೇರಿದ್ದನ್ನೆಲ್ಲ ಅವರದೇ ಒಂದು ನಂಬರಿಗೆ ವರ್ಗಾಯಿಸಿ. ಕೀಪ್ಯಾಡ್ ಫೋನ್ ಆದರೂ ಸಾಕು, ಕೋಡ್ ಅದಕ್ಕೂ ಬರುತ್ತದೆ. ಮೊದಲು ಆಧಾರ್, ಆಮೇಲೆ ಬ್ಯಾಂಕ್, ಆಮೇಲೆ ಗ್ಯಾಸ್, ಈ ಕ್ರಮದಲ್ಲಿ ಹೋಗಿ. ಒಂದೇ ನಂಬರನ್ನು ಇಬ್ಬರ ಆಧಾರ್‌ಗೂ ಜೋಡಿಸಬಹುದು. ಕೇಂದ್ರದವರೆಗೆ ಹೋಗಲು ಅವರಿಗೆ ಕಷ್ಟವಾದರೆ, ಅಂಚೆಯವರು ಮನೆಗೇ ಬಂದು ಆಧಾರ್‌ನ ಮೊಬೈಲ್ ನಂಬರ್ ಬದಲಿಸುವ ಸೇವೆ 2021ರಲ್ಲಿ ಆರಂಭವಾಗಿದೆ. ನಿಮ್ಮ ಊರಿನ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ತುಮಕೂರಿನ ನಿವೃತ್ತ ಶಿಕ್ಷಕಿ:

ಮಗಳೇ, ನನ್ನ ಮಗನೂ ನಾಲ್ಕು ವರ್ಷದಿಂದ ಮ್ಯೂನಿಕ್‌ನಲ್ಲಿದ್ದಾನೆ. ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮನೆಯಲ್ಲಿ ಹಾಗೆ ಮಾಡದೆ ಒಂದು ವರ್ಷ ಕಷ್ಟಪಟ್ಟೆವು. ಎರಡು ಮಾತು ಸೇರಿಸುತ್ತೇನೆ.

ನೀನು ಕೆಲಸಕ್ಕೆಂದು ಹೋಗಿ ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬುದು ನಿಯಮ. ಆ ಕಾಗದಪತ್ರ ಮಾಡುವಾಗ ಬ್ಯಾಂಕಿನವರು ಜರ್ಮನಿಯ ನಂಬರ್ ಬರೆಸಲು ಹೇಳಬಹುದು. ಒಪ್ಪುವ ಮೊದಲು ಯುಪಿಐ ಬಗ್ಗೆ ಕೇಳು. ವಿದೇಶದ ನಂಬರಿನ ಮೇಲೆ ಯುಪಿಐ ನಡೆಸಲು 2023ರ ಜನವರಿಯಲ್ಲಿ ಅನುಮತಿ ಕೊಟ್ಟ 10 ದೇಶಗಳ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನ ಇದ್ದವು, ಜರ್ಮನಿ ಇರಲಿಲ್ಲ. ನನ್ನ ಮಗ ಇಂದಿಗೂ ಭಾರತದ ನಂಬರಿನಿಂದಲೇ ಹಣ ಕಳುಹಿಸುತ್ತಾನೆ.

ಇನ್ನೊಂದು, ಜರ್ಮನಿಯ ನಂಬರ್ ಹೇಗಿರುತ್ತದೆ ಎಂದು ಅಪ್ಪ ಅಮ್ಮನಿಗೆ ಮೊದಲೇ ತೋರಿಸು. ‘+49’ ಎಂದು ಶುರುವಾಗುವ ಕರೆ ಬಂದಾಗ ಮೋಸದ ಕರೆ ಎಂದುಕೊಂಡು ನಾನೇ ಎರಡು ಸಲ ಕತ್ತರಿಸಿದ್ದೆ. ಅವನಿಗೆ ಜ್ವರ ಬಂದು ಆಸ್ಪತ್ರೆಯಿಂದ ಮಾಡಿದ್ದ ಕರೆ ಅದು. ಅಲ್ಲಿನ ಮೊಬೈಲ್ ನಂಬರ್ 015, 016 ಅಥವಾ 017 ಎಂದು ಶುರುವಾಗುತ್ತದೆ, ಇಲ್ಲಿಂದ ಮಾಡುವಾಗ ಮೊದಲಿನ ಸೊನ್ನೆ ಬಿಟ್ಟು +49 ಸೇರಿಸಬೇಕು. ಇಲ್ಲಿನ ಲ್ಯಾಂಡ್‌ಲೈನಿಗೂ ಹಾಗೆಯೇ, ಕೋಲಾರದ 08152 ಅಲ್ಲಿಂದ +91 8152 ಆಗುತ್ತದೆ. ದಪ್ಪ ಅಕ್ಷರದಲ್ಲಿ ಬರೆದು ಫೋನ್ ಇಡುವ ಜಾಗದ ಮೇಲಿನ ಗೋಡೆಗೆ ಅಂಟಿಸಿ ಹೋಗು.

ಮುಳಬಾಗಿಲಿನ ನರ್ಸ್:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆಯೇ ರಜೆ ಹಾಕಿ ಅಪ್ಪನ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಂಡು ಕೀಪ್ಯಾಡ್ ಫೋನಿಗೆ ಹಾಕಿದ್ದೇವೆ. ಅಂಚೆ ಕಚೇರಿಯಲ್ಲಿ ವಿಚಾರಿಸಿದಾಗ ಗುರುವಾರ ಮನೆಗೆ ಬರುವುದಾಗಿ ಹೇಳಿದರು. ಸಂದೇಶ ತೆರೆದು ಅಂಕಿಗಳನ್ನು ಓದುವುದನ್ನು ಅಮ್ಮ ಎರಡೇ ಸಲದಲ್ಲಿ ಕಲಿತರು. ನಾನು ಇಷ್ಟು ವರ್ಷ ಅವರಿಗೆ ಕಲಿಸದೆ ನಾನೇ ಮಾಡಿಕೊಂಡು ಬಂದದ್ದು ತಪ್ಪು ಅನ್ನಿಸಿತು. ನನ್ನ ಫೋನಿನಲ್ಲಿ ಎರಡು ಸಿಮ್ ಜಾಗವಿದೆ, ಆದರೆ 20ನೇ ಬ್ಯಾಂಡ್ ಇಲ್ಲ. ಹಾಗಾದರೆ ಹೊಸ ಫೋನ್ ಕೊಳ್ಳಲೇಬೇಕೇ? ಮೊದಲ ಸಂಬಳ ಬರುವವರೆಗೆ ಖರ್ಚು ಹಿಡಿತದಲ್ಲಿಡಬೇಕಾಗಿದೆ.

ಶಿರಾದವನು, ಈಗ ಜರ್ಮನಿಯಲ್ಲಿ:

ಈಗ ಕೊಳ್ಳಬೇಡಿ. ಫ್ರೈಬುರ್ಗ್ ನಗರದೊಳಗೆ ಬೇರೆ ಬ್ಯಾಂಡ್‌ಗಳೂ ಇರುವುದರಿಂದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ವಸತಿಗೃಹದಲ್ಲಿ ವೈಫೈ ಇದೆಯೇ ಎಂದು ಆಸ್ಪತ್ರೆಯವರಿಗೆ ಇಂದೇ ಮಿಂಚಂಚೆ ಬರೆದು ಕೇಳಿ. ಇದ್ದರೆ ಮೊದಲ ಎರಡು ತಿಂಗಳು ಅತ್ಯಂತ ಚಿಕ್ಕ ಪ್ಯಾಕ್ ಸಾಕು. ಆಮೇಲೆ ಸಿಗ್ನಲ್ ಸಾಲದೆ ಹೋದರೆ ಇಲ್ಲಿಯೇ ಒಂದು ಬಳಸಿದ ಫೋನ್ ನೋಡೋಣ. ಅಂಚೆ ಕಚೇರಿಗೆ ಹೋಗುವಾಗ ಪಾಸ್‌ಪೋರ್ಟಿನ ನಕಲು ನಡೆಯುವುದಿಲ್ಲ, ಮೂಲವನ್ನೇ ಒಯ್ಯಿರಿ.